ಚಿತ್ರದುರ್ಗ ಲೋಕಸಭಾ ಕ್ಷೇತ್ರ: ಮತದಾನದ ಚರಿತ್ರೆಯ ಕೆಲವು ಮುಖಗಳು

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಗ್ರಾಮದ ಮತದಾರನು ವಿಧಾನಸಭೆಗೆ ಮತ ನೀಡುವಾಗ ಹಿರಿಯೂರಿನವನು. ಲೋಕಸಭೆಗೆ ಮತ ನೀಡುವಾಗಲಾದರೋ ಮೊಳಕಾಲ್ಮೂರಿನಿಂದ ಹೊಳಲ್ಕೆರೆಯವರೆಗಿನ ಮತದಾರರೊಡನೆ, ತುಮಕೂರು ಜಿಲ್ಲೆಯ ಶಿರಾ, ಪಾವಗಡಗಳವರೊಡನೆಯೂ ಸೇರಿ ಒಬ್ಬನೇ ಪ್ರತಿನಿಧಿಯನ್ನು ಆರಿಸಬೇಕು. ಎಂಟು ವಿಧಾನಸಭಾ ಕ್ಷೇತ್ರಗಳ ಈ ಜೋಡಣೆ 2008ರ ಪುನರ್ವಿಂಗಡಣೆಯ ಫಲ. ಅದಕ್ಕೆ ಹಿಂದೆ ಎಲ್ಲೆಗಳು ಬೇರೆಯಾಗಿದ್ದವು. ಹೆಸರೊಂದೇ ಉಳಿದು ಭೂಮಿ ಬದಲಾಗುತ್ತ ಬಂದಿರುವುದನ್ನು ಮರೆತು, 1952ರ ಫಲಿತಾಂಶವನ್ನೂ 2024ರ ಫಲಿತಾಂಶವನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸುವುದು ಚರಿತ್ರೆಯ ವಿದ್ಯಾರ್ಥಿಗೆ ಸಲ್ಲದು.

1952ರಲ್ಲಿ ಇಲ್ಲಿಂದ ಲೋಕಸಭೆಗೆ ಆಯ್ಕೆಯಾದವರು ಕಾಂಗ್ರೆಸ್ಸಿನ ಎಸ್. ನಿಜಲಿಂಗಪ್ಪನವರು. 1956ರ ನವೆಂಬರಿನಲ್ಲಿ ಅವರು ವಿಶಾಲ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದರು. ಕೆಲವೇ ತಿಂಗಳುಗಳ ನಂತರ, 1957ರ ಚುನಾವಣೆಯಲ್ಲಿ, ಅವರ ರಾಜಕೀಯ ನೆಲೆಯಾದ ಈ ಕ್ಷೇತ್ರವು ಪ್ರಜಾ ಸೋಷಲಿಸ್ಟ್ ಪಕ್ಷದ ಜೆ. ಮಹಮ್ಮದ್ ಇಮಾಂ ಅವರನ್ನು ಆರಿಸಿತು. ರಾಜ್ಯದ 26 ಸ್ಥಾನಗಳಲ್ಲಿ 23 ಕಾಂಗ್ರೆಸ್ಸಿಗೆ ದೊರೆತ ವರ್ಷವದು. 1962ರಲ್ಲಿ ಲೋಕಸಭಾ ಸ್ಥಾನವು ಕಾಂಗ್ರೆಸ್ಸಿನ ಎಸ್. ವೀರಬಸಪ್ಪನವರಿಗೆ ಸಂದಿತು, ಆದರೆ ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಸ್ವತಃ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪರಾಜಿತರಾದರು. 1967ರಲ್ಲಿ ಇಮಾಂ ಅವರು ಮತ್ತೆ ಗೆದ್ದರು, ಈ ಬಾರಿ ಸ್ವತಂತ್ರ ಪಕ್ಷದಿಂದ. ಸಮಾಜವಾದದಿಂದ ಅದರ ಕಡುವಿರೋಧಿ ಪಕ್ಷಕ್ಕೆ ಅಭ್ಯರ್ಥಿಯು ಸಾಗಿದರೂ ಮತದಾರನು ಅವರನ್ನು ಕೈಬಿಡಲಿಲ್ಲವೆಂದರೆ, ಪಕ್ಷದ ಸಿದ್ಧಾಂತಕ್ಕಿಂತ ವ್ಯಕ್ತಿಯೇ ಮುಖ್ಯವಾಗಿತ್ತೆಂದು ಊಹಿಸಬೇಕಾಗುತ್ತದೆ. ಜಾತಿ ಮತಗಳ ಎಣಿಕೆಯಿಂದಲೇ ಸಕಲವನ್ನೂ ವಿವರಿಸುವವರು ಈ ಎರಡು ಗೆಲುವುಗಳ ಮುಂದೆ ಕ್ಷಣಕಾಲವಾದರೂ ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಆಗ ಅದರ ಅಧ್ಯಕ್ಷರಾಗಿದ್ದವರು ನಿಜಲಿಂಗಪ್ಪನವರೇ. 1971ರಲ್ಲಿ ಇಂದಿರಾ ಗಾಂಧಿಯವರ ಪಕ್ಷವು ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಗೆದ್ದಿತು; ಚಿತ್ರದುರ್ಗವೂ ಅದಕ್ಕೆ ಹೊರತಾಗಲಿಲ್ಲ. ಆಗ ಆಯ್ಕೆಯಾದ ಕೊಂಡಜ್ಜಿ ಬಸಪ್ಪನವರು 1977ರಲ್ಲಿ ನೂತನವಾಗಿ ರಚಿತವಾದ ದಾವಣಗೆರೆ ಕ್ಷೇತ್ರದ ಪ್ರತಿನಿಧಿಯಾದರು. ಜಿಲ್ಲೆಯ ವಾಣಿಜ್ಯನಗರವು ಹೀಗೆ ಲೋಕಸಭೆಯ ಮಟ್ಟಿಗೆ ಬೇರೆಯಾದದ್ದು, ಆಡಳಿತದಲ್ಲಿ ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದ 1997ಕ್ಕೆ ಇಪ್ಪತ್ತು ವರ್ಷ ಮೊದಲೇ. ಅನಂತರದ ಕಾಲ ಕಾಂಗ್ರೆಸ್ಸಿನದು: 1977, 1980ರಲ್ಲಿ ಕೆ. ಮಲ್ಲಣ್ಣ, 1984ರಲ್ಲಿ ಹಿರಿಯೂರಿನ ಕೆ. ಎಚ್. ರಂಗನಾಥ್, 1989, 1991ರಲ್ಲಿ ಸಿ. ಪಿ. ಮೂಡಲಗಿರಿಯಪ್ಪ.

1996ರಿಂದ ಚಿತ್ರವು ಬದಲಾಗುತ್ತದೆ. ಆ ವರ್ಷ ಜನತಾದಳದ ಪಿ. ಕೋದಂಡರಾಮಯ್ಯ, 1998ರಲ್ಲಿ ಮತ್ತೆ ಮೂಡಲಗಿರಿಯಪ್ಪ, 1999ರಲ್ಲಿ ಸಂಯುಕ್ತ ಜನತಾದಳದಿಂದ ಚಲನಚಿತ್ರ ನಟ ಶಶಿಕುಮಾರ್, 2004ರಲ್ಲಿ ಕಾಂಗ್ರೆಸ್ಸಿನಿಂದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎನ್. ವೈ. ಹನುಮಂತಪ್ಪ, 2009ರಲ್ಲಿ ಭಾರತೀಯ ಜನತಾ ಪಕ್ಷದ ಜನಾರ್ದನ ಸ್ವಾಮಿ, 2014ರಲ್ಲಿ ಕಾಂಗ್ರೆಸ್ಸಿನ ಬಿ. ಎನ್. ಚಂದ್ರಪ್ಪ, 2019ರಲ್ಲಿ ಭಾರತೀಯ ಜನತಾ ಪಕ್ಷದ ಎ. ನಾರಾಯಣಸ್ವಾಮಿ, 2024ರಲ್ಲಿ ಅದೇ ಪಕ್ಷದ ಗೋವಿಂದ ಕಾರಜೋಳ. ಎಂಟು ಚುನಾವಣೆಗಳು, ಎಂಟು ಮಂದಿ. ಒಬ್ಬರೂ ಬೆನ್ನು ಬೆನ್ನಿಗೆ ಎರಡು ಸಲ ಗೆದ್ದಿಲ್ಲ. ಕೊನೆಯ ಇಬ್ಬರ ಹಿಂದಿನ ರಾಜಕೀಯ ನೆಲೆಗಳು ಆನೇಕಲ್ ಮತ್ತು ಮುಧೋಳ. ಹೊರಗಿನವರನ್ನು ಆರಿಸಿದ್ದು ದೋಷವೆಂದು ನಾವು ಹೇಳುವುದಿಲ್ಲ; ಆದರೆ ಐದು ವರ್ಷಕ್ಕೊಮ್ಮೆ ಪ್ರತಿನಿಧಿ ಬದಲಾಗುವಲ್ಲಿ ದೀರ್ಘಕಾಲದ ಯೋಜನೆಯೊಂದನ್ನು ಬೆನ್ನುಹತ್ತುವವರು ಯಾರೆಂಬ ಪ್ರಶ್ನೆ ಏಳುತ್ತದೆ.

ಅಂತರಗಳೂ ಗಮನಾರ್ಹ. 2014ರಲ್ಲಿ ಚಂದ್ರಪ್ಪನವರ ಗೆಲುವಿನ ಅಂತರ 1,01,291. 2019ರಲ್ಲಿ ನಾರಾಯಣಸ್ವಾಮಿಯವರದು 80,178. 2024ರಲ್ಲಿ ಕಾರಜೋಳರದು 48,121. ಕೊನೆಯ ಎರಡು ಸಲವೂ ಸೋತವರು ಚಂದ್ರಪ್ಪನವರೇ. 2023ರ ವಿಧಾನಸಭಾ ಚುನಾವಣೆಯಲ್ಲಿ ಹೊಳಲ್ಕೆರೆಯೊಂದನ್ನುಳಿದು ಏಳು ಕ್ಷೇತ್ರಗಳೂ ಕಾಂಗ್ರೆಸ್ಸಿಗೆ ದಕ್ಕಿದ್ದವು. ವರ್ಷ ಕಳೆಯುವಷ್ಟರಲ್ಲಿ ಅದೇ ಮತದಾರರು ದೆಹಲಿಗೆ ಬೇರೆ ಪಕ್ಷದವರನ್ನು ಕಳುಹಿಸಿದರು. 1967ರವರೆಗೆ ಎರಡೂ ಚುನಾವಣೆಗಳು ಒಟ್ಟಿಗೆ ನಡೆಯುತ್ತಿದ್ದವು. 1971ರಲ್ಲಿ ಅವು ಬೇರ್ಪಟ್ಟ ಮೇಲೆಯೇ ಈ ಎರಡು ಬಗೆಯ ತೀರ್ಪಿಗೆ ವಿಶೇಷ ಅವಕಾಶ ದೊರೆಯಿತು.

2009ರಿಂದ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ಮೀಸಲು ಸ್ಥಾನದಲ್ಲಿ ಅಭ್ಯರ್ಥಿಯು ಮಾತ್ರ ಆ ವರ್ಗದವನಾಗಿರಬೇಕು, ಮತ ಎಲ್ಲರದು. ಆದರೆ ಮತ ಕೊಡುವುದೂ ಮನ್ನಣೆ ಕೊಡುವುದೂ ಒಂದೇ ಅಲ್ಲ. 2019ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿಯ ಗೊಲ್ಲರಹಟ್ಟಿಗೆ ಹೋದ ಲೋಕಸಭಾ ಸದಸ್ಯರನ್ನು, ಅವರು ದಲಿತರೆಂಬ ಕಾರಣದಿಂದ, ಒಳಗೆ ಬಾರದಂತೆ ತಡೆಯಲಾಯಿತು. ಲಕ್ಷಾಂತರ ಮತಗಳಿಂದ ಚುನಾಯಿತರಾದವರಿಗೇ ಹೀಗಾದರೆ, ಅದೇ ಸಮುದಾಯದ ಕೂಲಿಯಾಳಿನ ಪಾಡನ್ನು ವಾಚಕರೇ ಊಹಿಸಬಹುದು. ಮತಗಳ ಅಂಕಿಅಂಶಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಳವಿಲ್ಲ. ಕ್ಷೇತ್ರದ ಚರಿತ್ರೆಯಲ್ಲಿ ಇರಲೇಬೇಕು.

ಇನ್ನು ನೀರು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರವು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ಬರದ ನಾಡಿನಲ್ಲಿ ಯಾವ ಪಕ್ಷವೂ ಭದ್ರಾ ಮೇಲ್ದಂಡೆ ಯೋಜನೆಯ ಮಾತೆತ್ತದೆ ಮತ ಕೇಳಲಾರದು. 2023ರ ಕೇಂದ್ರ ಮುಂಗಡಪತ್ರದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿಗಳ ನೆರವು ಘೋಷಿತವಾಯಿತು. ಮರುವರ್ಷದ ಚುನಾವಣೆಯಲ್ಲಿ ಒಂದು ಪಕ್ಷವು ಆ ಘೋಷಣೆಯನ್ನು ಹೇಳಿ ಮತ ಕೇಳಿದರೆ, ಇನ್ನೊಂದು ಪಕ್ಷವು ಹಣ ಬಂದಿಲ್ಲವೆಂಬುದನ್ನು ಹೇಳಿ ಮತ ಕೇಳಿತು.