ಕಿಲುಬೇ ಬಣ್ಣವಾದಾಗ

ಜಪಾನಿನ ಹಳೆಯ ಕಂಚಿನ ಪ್ರಾಣಿಗೊಂಬೆಗಳಲ್ಲಿ ಹಲವು ಅಂಗೈಯಲ್ಲಿ ಕೂರುವಷ್ಟು ಪುಟ್ಟವು. ಒಂದರ ಮೈ ಕಂದು, ಇನ್ನೊಂದರದು ಬೂದು, ಮತ್ತೊಂದರ ಕಣ್ಣು ನೀಲಿಛಾಯೆಯ ಕಡುಗಪ್ಪು. ಈ ಬಣ್ಣಗಳನ್ನು ಕುಂಚದಿಂದ ಬಳಿದದ್ದಲ್ಲ. ಲೋಹದ ಮೈಯಲ್ಲೇ ಹುಟ್ಟಿಸಿದ್ದು.

'ಒಕಿಮೊನೊ' ಎಂಬ ಈ ಅಲಂಕಾರದ ಗೊಂಬೆಗಳು ಮೇಜಿ ಯುಗದಲ್ಲಿ (1868–1912) ಹೇರಳವಾಗಿ ತಯಾರಾದವು. 1876ರಲ್ಲಿ ಸರ್ಕಾರ ಸಮುರಾಯ್‌ಗಳು ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಕತ್ತಿಯ ಹಿಡಿಗೆ ಕುಸುರಿ ಮಾಡುತ್ತಿದ್ದವರ ಕಸುಬಿಗೆ ಕುತ್ತು ಬಂತು. ಅವರಲ್ಲಿ ಅನೇಕರು ತಮ್ಮ ವಿದ್ಯೆಯನ್ನು ಪ್ರಾಣಿ, ಪಕ್ಷಿಗಳತ್ತ ತಿರುಗಿಸಿದರು. ಯುರೋಪ್, ಅಮೆರಿಕಗಳಲ್ಲಿ ಗಿರಾಕಿಗಳೂ ಸಿಕ್ಕರು. 1893ರ ಷಿಕಾಗೊ ವಿಶ್ವಮೇಳದಲ್ಲಿ ಲೋಹಶಿಲ್ಪಿ ಸುಜುಕಿ ಚೋಕಿಚಿಯ ಹನ್ನೆರಡು ಲೋಹದ ಗಿಡುಗಗಳು ಪ್ರದರ್ಶನಗೊಂಡವು.

ಇಂಥ ಗೊಂಬೆಗೆ ಮೊದಲು ಮಣ್ಣಿನ ತಿರುಳಿನ ಮೇಲೆ ಜೇನುಮೇಣ ಮತ್ತು ಪೈನ್ ಮರದ ರಾಳದ ಮಿಶ್ರಣದಲ್ಲಿ ರೂಪ ತಿದ್ದುತ್ತಾರೆ. ಮೇಲೆ ಮಣ್ಣು ಮೆತ್ತಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಕಾದ ಕಂಚು ಇಳಿಯುತ್ತದೆ. ತಾಮ್ರಕ್ಕೆ ತವರ ಬೆರೆತರೆ ಕರಗುವ ಉಷ್ಣತೆ ತಗ್ಗುತ್ತದೆ. ಸೀಸವೂ ಸೇರಿದರೆ ದ್ರವ ಸಲೀಸಾಗಿ ಹರಿದು ರೋಮದ ಗೆರೆಗಳನ್ನೂ ತುಂಬುತ್ತದೆ. ಒಳಗೆ ತಿರುಳು ಇರುವುದರಿಂದ ಲೋಹದ ಗೋಡೆ ತೆಳುವಾಗಿ, ಒಂದೇ ಸಮನೆ ಆರುತ್ತದೆ, ಬಿರುಕು ಕಡಿಮೆ.

ಬಣ್ಣದ ಗುಟ್ಟು ಮಿಶ್ರಲೋಹದಲ್ಲಿದೆ. ತಾಮ್ರಕ್ಕೆ ಶೇಕಡ 2ರಿಂದ 5ರಷ್ಟು ಚಿನ್ನ ಬೆರೆಸಿದರೆ 'ಶಾಕುದೊ'; ಸುಮಾರು ಕಾಲು ಭಾಗ ಬೆಳ್ಳಿ ಸೇರಿಸಿದರೆ 'ಶಿಬುಇಚಿ'. ಹೊಳಪು ಕೊಟ್ಟ ತುಣುಕಿಗೆ ತುರಿದ ಮೂಲಂಗಿಯ ರಸ ಸವರಿ, ತಾಮ್ರದ ಕಿಲುಬು ಮತ್ತು ಮೈಲುತುತ್ತ ಕರಗಿಸಿದ ನೀರಿನಲ್ಲಿ ಕುದಿಸುತ್ತಾರೆ. ಮೂಲಂಗಿ ರಸದಿಂದ ಬಣ್ಣ ಕಲೆಗಟ್ಟದೆ ಸಮನಾಗಿ ಏಳುತ್ತದೆ. ಮೇಲ್ಮೈಯಲ್ಲಿ ತಾಮ್ರದ ಆಕ್ಸೈಡಿನ ಅತಿ ತೆಳುವಾದ ಪೊರೆ ಕಟ್ಟುತ್ತದೆ. ಬರೀ ತಾಮ್ರವಾದರೆ ಅದು ಕೆಂಪುಗಂದು. ಶಾಕುದೊದಲ್ಲಾದರೋ ಚಿನ್ನ ಆಮ್ಲಜನಕದೊಂದಿಗೆ ಕೂಡದೆ ಸೂಕ್ಷ್ಮ ಕಣಗಳಾಗಿ ಪೊರೆಯೊಳಗೇ ಉಳಿಯುತ್ತದೆ. ಆ ಕಣಗಳು ಪೊರೆ ಬೆಳಕನ್ನು ಹೀರುವ ರೀತಿಯನ್ನೇ ಬದಲಿಸುವುದರಿಂದ ಕಣ್ಣಿಗೆ ನೀಲಿಗಪ್ಪು ಕಾಣುತ್ತದೆ. ಶಿಬುಇಚಿಗೆ ಬೂದು ಬಣ್ಣ ಬರುತ್ತದೆ. ತಿಳಿದು ತಂದ ಕಿಲುಬೇ ಇಲ್ಲಿ ವರ್ಣ.

ಆದ್ದರಿಂದಲೇ ಇಂಥ ಗೊಂಬೆಯನ್ನು ಪಾತ್ರೆಯಂತೆ ಹುಣಸೆಹಣ್ಣು ಹಾಕಿ ಉಜ್ಜಬಾರದು. ಹುಣಸೆಯ ಆಮ್ಲ ಕರಗಿಸುವುದು ಆ ಆಕ್ಸೈಡ್ ಪೊರೆಯನ್ನೇ; ಕುಶಲಕರ್ಮಿ ಮೂಡಿಸಿದ ಬಣ್ಣ ಹೋಗಿ ಬೋಳು ಲೋಹ ಉಳಿಯುತ್ತದೆ. ಮೃದುವಾದ ಬ್ರಶ್ಶಿನಿಂದ ಧೂಳು ತೆಗೆದು ತೇವ ತಾಕದಂತೆ ಇಟ್ಟರೆ ಸಾಕು. ಪುಡಿಪುಡಿಯಾದ ತಿಳಿಹಸಿರು ಚುಕ್ಕೆಗಳು ಕಂಡರೆ ಮಾತ್ರ ಉದಾಸೀನ ಸಲ್ಲದು. ಅದು ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ಒಳಗೊಳಗೇ ತಿನ್ನುತ್ತಿರುವ ಲಕ್ಷಣವಿರಬಹುದು. ಸಂರಕ್ಷಣಾ ತಜ್ಞರಿಗೆ ತೋರಿಸುವುದು ಲೇಸು.