ಕೊಳವೆಬಾವಿ ನೀರಿನಲ್ಲಿ ಅಲಂಕಾರಿಕ ಮೀನು: ತೊಟ್ಟಿಯ ನೀರು ಮತ್ತು ಸಲಕರಣೆಗಳ ನಿರ್ವಹಣೆ

ಹೊಸಕೋಟೆ ತಾಲ್ಲೂಕಿನ ನಂದಗುಡಿ ಹೋಬಳಿಯ ಬೇಸಾಯವು ಮಳೆ ಮತ್ತು ಕೊಳವೆಬಾವಿಗಳನ್ನೇ ನಂಬಿದೆ. ಅಂತರ್ಜಲವು ಆಳಕ್ಕಿಳಿದಿರುವ ಈ ಭಾಗದಲ್ಲಿ ಸಾವಿರ ಅಡಿ ಮೀರಿ ಕೊರೆಸುವುದು ಹೊಸ ಸಂಗತಿಯಲ್ಲ. ಇಷ್ಟು ದುಬಾರಿ ನೀರಿನಲ್ಲಿ ಕೆಲವೇ ಸಾವಿರ ಲೀಟರುಗಳಿಂದ ನಡೆಸಬಹುದಾದ ಉಪಕಸುಬುಗಳಲ್ಲಿ ಅಲಂಕಾರಿಕ ಮೀನು ಸಾಕಣೆಯೂ ಒಂದು. ಬೆಂಗಳೂರಿನ ಮಾರುಕಟ್ಟೆ ಹತ್ತಿರದಲ್ಲಿರುವುದು ಇನ್ನೊಂದು ಅನುಕೂಲ. ಆದರೆ ಹೊಸದಾಗಿ ಆರಂಭಿಸುವವರಲ್ಲಿ ಅನೇಕರು ಮೊದಲ ತಿಂಗಳಲ್ಲೇ ಮೀನುಗಳನ್ನು ಕಳೆದುಕೊಂಡು ಕೈ ಬಿಡುತ್ತಾರೆ. ರೋಗ ಬಂದಿತೆಂದು ಔಷಧಿ ಸುರಿಯುವುದುಂಟು. ಬಹುತೇಕ ಸಂದರ್ಭಗಳಲ್ಲಿ ಮೀನನ್ನು ಕೊಲ್ಲುವುದು ರೋಗವಲ್ಲ, ನೀರು.

ಕೊಳವೆಬಾವಿ ನೀರಿನ ಗುಣ

ಆಳದ ಕಲ್ಲಿನ ಬಿರುಕುಗಳಿಂದ ಮೇಲೆ ಬಂದ ನೀರು ಕಣ್ಣಿಗೆ ಸ್ಫಟಿಕದಂತೆ ಕಂಡರೂ ಮೀನಿಗೆ ಆಗಲೇ ಯೋಗ್ಯವಾಗಿರುವುದಿಲ್ಲ. ಅದರಲ್ಲಿ ಕರಗಿದ ಆಮ್ಲಜನಕ ಬಹಳ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶವೂ ಇದ್ದು, ಗಾಳಿ ತಗುಲಿದೊಡನೆ ತುಕ್ಕಿನ ಬಣ್ಣದ ಗಸಿಯಾಗಿ ಮೀನಿನ ಕಿವಿರುಗಳಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ನೀರನ್ನು ಎತ್ತರದಿಂದ ಸಂಗ್ರಹ ತೊಟ್ಟಿಗೆ ಬೀಳಿಸಿ, ಗಾಳಿಯಾಡಿಸಿ, ಒಂದು ದಿನ ನಿಲ್ಲಿಸಿ, ಅನಂತರ ಬಳಸಬೇಕು. ತ್ರೀ ಫೇಸ್ ವಿದ್ಯುತ್ ಪಾಳಿಯಂತೆ ಬರುವ ಹಳ್ಳಿಗಳಲ್ಲಿ ಸಂಗ್ರಹ ತೊಟ್ಟಿ ಹೇಗೂ ಬೇಕೇ ಬೇಕು. ನೀರಿನ ರಸಸಾರವನ್ನು ಪರೀಕ್ಷಿಸುವುದೂ ಹೀಗೆ ನಿಲ್ಲಿಸಿದ ಮೇಲೆಯೇ ಸರಿ. ಇಂಗಾಲದ ಡೈ ಆಕ್ಸೈಡ್ ಹೊರಟು ಹೋದಂತೆ ರಸಸಾರ ಏರುತ್ತದೆ. ಪಂಪಿನ ಬಾಯಲ್ಲಿ 7 ಇದ್ದದ್ದು ಮರುದಿನ 8ರ ಹತ್ತಿರ ಬರಬಹುದು.

ಗಡಸು ನೀರೆಂದು ಹಿಂಜರಿಯಬೇಕಾಗಿಲ್ಲ. ಮರಿ ಹಾಕುವ ಜಾತಿಗಳಾದ ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಿಗೆ ಗಡಸು ನೀರೇ ಹಿತ. ಗೋಲ್ಡ್ ಫಿಶ್, ಕೋಯಿ ಕಾರ್ಪ್‌ಗಳೂ ಒಗ್ಗಿಕೊಳ್ಳುತ್ತವೆ. ಮೆದು ನೀರನ್ನು ಬಯಸುವ ಡಿಸ್ಕಸ್, ನಿಯಾನ್ ಟೆಟ್ರಾಗಳ ಮರಿ ಮಾಡಿಸುವ ಸಾಹಸಕ್ಕೆ ಮೊದಲ ವರ್ಷವೇ ಇಳಿಯುವುದು ಜಾಣತನವಲ್ಲ. ಪಂಚಾಯಿತಿ ನಲ್ಲಿ ನೀರನ್ನು ಬಳಸುವುದಾದರೆ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಹೋಗಲು ತೆರೆದ ತೊಟ್ಟಿಯಲ್ಲಿ 24 ಗಂಟೆ ಗಾಳಿಯಾಡಿಸಬೇಕು.

ಹೊಸ ಸಿಮೆಂಟ್ ತೊಟ್ಟಿಯ ಅಪಾಯ ಬೇರೆ. ಸಿಮೆಂಟಿನಿಂದ ಸುಣ್ಣ ಬಿಟ್ಟುಕೊಂಡು ರಸಸಾರ 10ನ್ನೂ ದಾಟುತ್ತದೆ. ನೀರು ತುಂಬಿ, ಬಾಳೆದಿಂಡಿನ ತುಂಡುಗಳನ್ನು ಹಾಕಿ ಕೆಲವು ದಿನ ಬಿಟ್ಟು ಚೆಲ್ಲಬೇಕು. ಹೀಗೆ ಹಲವು ಬಾರಿ ಮಾಡಿ, ರಸಸಾರ 8.5ಕ್ಕಿಂತ ಕೆಳಗೆ ನಿಂತ ಮೇಲೆಯೇ ಮೀನು ಬಿಡಬೇಕು.

ಯೂರಿಯಾ ಹಾಕಿದ ಹೊಲದಂತೆಯೇ

ತೊಟ್ಟಿಯೊಳಗೆ ನಡೆಯುವ ಮುಖ್ಯ ಕ್ರಿಯೆಯು ರೈತರಿಗೆ ಅಪರಿಚಿತವೇನಲ್ಲ. ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯ ರೂಪಕ್ಕೆ ಬಂದು, ಬಳಿಕ ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ಬೆಳೆಗೆ ದೊರೆಯುತ್ತದೆ. ಮೀನು ತಿಂದ ಆಹಾರದ ಸಾರಜನಕವೂ ಇದೇ ದಾರಿ ಹಿಡಿಯುತ್ತದೆ. ಶೇಕಡ 30ರಷ್ಟು ಸಸಾರಜನಕವಿರುವ ಒಂದು ಕಿಲೋ ಆಹಾರದಲ್ಲಿ 48 ಗ್ರಾಂ ಸಾರಜನಕವಿರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಮೀನಿನ ಮೈ ಸೇರಿ, ಹೆಚ್ಚಿನದು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಬರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೆ ಅದೂ ಅಮೋನಿಯವೇ.

ವ್ಯತ್ಯಾಸವಿಷ್ಟೆ: ಹೊಲದ ಮಣ್ಣಿನಲ್ಲಿ ಈ ಸೂಕ್ಷ್ಮಜೀವಿಗಳು ಮೊದಲೇ ತುಂಬಿರುತ್ತವೆ, ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಸ್ಪಂಜು, ಜಲ್ಲಿ, ಗೋಡೆಗಳ ಮೇಲೆ ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೊದಲ ತಿಂಗಳಲ್ಲಿ ಮೀನು ಸಾಯುವುದರ ಗುಟ್ಟು ಇಲ್ಲಿದೆ. ನೂರು ಮೀನುಗಳನ್ನು ಒಮ್ಮೆಗೇ ತಂದು ಬಿಡುವ ಬದಲು ಹತ್ತು ಗಟ್ಟಿ ಮೀನುಗಳಿಂದ ಆರಂಭಿಸಿ, ವಾರ ವಾರಕ್ಕೆ ಹೆಚ್ಚಿಸಬೇಕು. ನಂಬಿಕಸ್ತರ ಬಳಿ, ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ದೊರೆತರೆ ಅದನ್ನು ಒದ್ದೆಯಾಗಿಯೇ ತಂದು ಹಾಕುವುದು ಉತ್ತಮ. ಮೊಸರಿಗೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ.

ಅಮೋನಿಯದ ವಿಷವು ರಸಸಾರವನ್ನು ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ರಸಸಾರ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪವು ಶೇಕಡ 1ಕ್ಕಿಂತ ಕಡಿಮೆ. 8ರಲ್ಲಿ ಸುಮಾರು ಶೇಕಡ 5. 9ರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಬಹಳ ದಿನ ನೋಡದೆ ಬಿಟ್ಟ ತೊಟ್ಟಿಯಲ್ಲಿ ರಸಸಾರ ಇಳಿದಿರುತ್ತದೆ, ಅಮೋನಿಯ ಕೂಡಿರುತ್ತದೆ, ಆದರೂ ಮೀನು ಬದುಕಿರುತ್ತದೆ. ಒಂದು ಬೆಳಗ್ಗೆ ಮನೆಯವರು ಎಚ್ಚೆತ್ತು ಅರ್ಧ ನೀರು ತೆಗೆದು ಕೊಳವೆಬಾವಿಯ ನೀರು ತುಂಬುತ್ತಾರೆ. ರಸಸಾರ ಏಕಾಏಕಿ ಏರಿ, ಉಳಿದ ಅಮೋನಿಯ ವಿಷವಾಗಿ, ಸಂಜೆಯೊಳಗೆ ಮೀನು ತೇಲುತ್ತದೆ. ಶುಚಿ ಮಾಡಿದ್ದಕ್ಕೇ ಸತ್ತವು ಎಂದು ಮನೆಯವರು ಬೆರಗಾಗುತ್ತಾರೆ. ಅಂಥ ತೊಟ್ಟಿಯಲ್ಲಿ ದಿನಕ್ಕೆ ಹತ್ತನೆಯ ಒಂದು ಭಾಗದಂತೆ ಹಲವು ದಿನ ನೀರು ಬದಲಿಸಿ, ಅಷ್ಟು ದಿನವೂ ಆಹಾರವನ್ನು ನಿಲ್ಲಿಸಬೇಕು. ಸರಿಯಾಗಿ ನಡೆಯುತ್ತಿರುವ ತೊಟ್ಟಿಗೆ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಿದರೆ ಸಾಕು. ತಳದ ಗಸಿಯನ್ನು ಕೊಳವೆಯಿಂದ ಹೀರಿ ತೆಗೆಯಬೇಕು. ಆಹಾರವನ್ನು ಮೀನು ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು.

ನೈಟ್ರೈಟ್ ಹೆಚ್ಚಾದಾಗ ಗಾಳಿ ಚೆನ್ನಾಗಿ ಬರುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ರಕ್ತವು ಆಮ್ಲಜನಕವನ್ನು ಹೊರಲಾರದ ಸ್ಥಿತಿ ಇದು. ಲೀಟರಿಗೆ ಒಂದು ಗ್ರಾಂನಂತೆ ಅಡುಗೆ ಉಪ್ಪನ್ನು ಕರಗಿಸಿ ಹಾಕಿದರೆ ಅದರ ಕ್ಲೋರೈಡ್ ಅಂಶವು ನೈಟ್ರೈಟ್ ಕಿವಿರನ್ನು ಹೊಕ್ಕುವುದನ್ನು ತಡೆಯುತ್ತದೆ.

ಸಲಕರಣೆಗಳು

ಸಣ್ಣ ಸಾಕಣೆಗೆ ಗಾಳಿ ಪಂಪು ಮತ್ತು ಸ್ಪಂಜು ಶೋಧಕ ಸಾಕು. ಬೆಲೆಬಾಳುವ ಮುಚ್ಚಿದ ಶೋಧಕಗಳಿಗಿಂತ ಇವೇ ನಮ್ಮ ಹಳ್ಳಿಗಳಿಗೆ ಹೆಚ್ಚು ಯೋಗ್ಯ. ವಿದ್ಯುತ್ ಹೋಗಿ ಮುಚ್ಚಿದ ಶೋಧಕ ಹಲವು ಗಂಟೆ ನಿಂತರೆ ಒಳಗಿನ ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆ ಸತ್ತು ನೀರು ನಾರುತ್ತದೆ. ವಿದ್ಯುತ್ ಬಂದೊಡನೆ ಆ ನೀರೆಲ್ಲ ತೊಟ್ಟಿಗೆ ನುಗ್ಗುತ್ತದೆ. ಹಾಗಾದಲ್ಲಿ ಶೋಧಕವನ್ನು ಬಿಚ್ಚಿ ತೊಳೆದೇ ಚಾಲೂ ಮಾಡಬೇಕು.

ಸ್ಪಂಜನ್ನು ನಲ್ಲಿಯ ಕೆಳಗೆ ಸೋಪು ಹಾಕಿ ಬೆಳ್ಳಗಾಗುವಂತೆ ತೊಳೆಯುವುದು ತಪ್ಪು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಬಾರಿ ಹಿಂಡಿದರೆ ಕೊಳೆ ಹೋಗಿ ಸೂಕ್ಷ್ಮಜೀವಿಗಳು ಉಳಿಯುತ್ತವೆ. ಎರಡು ಸ್ಪಂಜುಗಳಿದ್ದರೆ ವಾರ ಬಿಟ್ಟು ವಾರ ಒಂದೊಂದನ್ನು ತೊಳೆಯಬೇಕು. ಗಡಸು ನೀರಿನಿಂದ ಗಾಳಿ ಕಲ್ಲಿನ ರಂಧ್ರಗಳು ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತವೆ. ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ ತೊಳೆದರೆ ಮತ್ತೆ ಬಿಡಿಸಿಕೊಳ್ಳುತ್ತವೆ. ಪಂಪಿನೊಳಗಿನ ರಬ್ಬರ್ ಹಾಳೆ ಕಾಲಕ್ರಮೇಣ ಸವೆಯುವುದರಿಂದ ಒಂದು ಹೆಚ್ಚುವರಿ ಹಾಳೆ ಮನೆಯಲ್ಲಿರಲಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಕೆಳಗಿಟ್ಟರೆ ವಿದ್ಯುತ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪು ಕೆಡುತ್ತದೆ, ಶಾಕ್ ಹೊಡೆಯುವ ಅಪಾಯವೂ ಇದೆ. ತೊಟ್ಟಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುವುದು ಮನೆಮಂದಿಗೆಲ್ಲ ಅಭ್ಯಾಸವಾಗಬೇಕು.

ಗಾಳಿಯ ವಿಷಯದಲ್ಲಿ ಈ ಪ್ರದೇಶಕ್ಕೆ ಒಂದು ಸಣ್ಣ ಕೊರತೆ ಉಂಟು. 25 ಡಿಗ್ರಿಯಲ್ಲಿ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಅದರ ಹತ್ತನೆಯ ಒಂದು ಭಾಗ ಕಡಿಮೆ. ಹೊರಗಿನ ತೊಟ್ಟಿಗಳಲ್ಲಿ ಪಾಚಿ ಹೆಚ್ಚಾಗಿದ್ದರೆ ರಾತ್ರಿಯೆಲ್ಲ ಅದೂ ಉಸಿರಾಡುವುದರಿಂದ ಬೆಳಗಿನ ಜಾವದಲ್ಲಿ ಆಮ್ಲಜನಕ ಅತಿ ಕಡಿಮೆಯಾಗುತ್ತದೆ. ಮೀನು ನೋಡಬೇಕಾದ ಹೊತ್ತು ಅದು. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪೊಂದು ಸಿದ್ಧವಿರಲಿ. ಅದಿಲ್ಲದಿದ್ದರೆ ಚೆಂಬಿನಿಂದ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಹುಯ್ಯುವುದೂ ಜೀವ ಉಳಿಸುತ್ತದೆ.

ರೇಷ್ಮೆ ಬೆಳೆಗಾರರು ಹುಳು ಮನೆಯ ಬಳಿ ಕೀಟನಾಶಕ ಸುಳಿಯದಂತೆ ಕಾಯುವರಷ್ಟೆ. ಮೀನಿನ ಮನೆಗೂ ಅದೇ ಕಟ್ಟುನಿಟ್ಟು ಬೇಕು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದವು ಅತಿ ಅಲ್ಪ ಪ್ರಮಾಣದಲ್ಲೂ ಮೀನನ್ನು ಕೊಲ್ಲುತ್ತವೆ. ಸಿಂಪಡಣೆಗೆ ಬಳಸಿದ ಬಕೆಟ್ಟು ತೊಟ್ಟಿಯ ಹತ್ತಿರ ಬರಬಾರದು. ಸೊಳ್ಳೆ ಬತ್ತಿಯಲ್ಲಿರುವುದೂ ಇದೇ ಜಾತಿಯ ವಿಷ. ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆಂಬುದನ್ನು ಮರೆಯಬಾರದು.

ಹವಳದ ತೊಟ್ಟಿ

ಪಟ್ಟಣಗಳ ಮನೆಗಳಲ್ಲಿ ಕಾಣುವ ಸಮುದ್ರದ ಹವಳದ ತೊಟ್ಟಿಯನ್ನು ನೋಡಿ ಆಸೆಪಡುವವರಿದ್ದಾರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ. ಅದನ್ನು ಇಲ್ಲಿ ಶುದ್ಧೀಕರಿಸಿದ ಆರ್.ಓ. ನೀರಿಗೆ ಲವಣ ಬೆರೆಸಿ ತಯಾರಿಸಬೇಕು. ಕೊಳವೆಬಾವಿಯ ನೈಟ್ರೇಟನ್ನು ಮೋಲಿ ಸಹಿಸಿದಂತೆ ಹವಳ ಸಹಿಸದು. ಆವಿಯಾದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು, ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹವಳವು ಅಸ್ಥಿ ಕಟ್ಟಿಕೊಳ್ಳಲು ಲೀಟರಿಗೆ 400 ಮಿಲಿಗ್ರಾಂನಷ್ಟು ಸುಣ್ಣದ ಅಂಶವನ್ನು ಸದಾ ಕಾಪಾಡಬೇಕು. ಇದು ಹಣವುಳ್ಳವರ ಹವ್ಯಾಸವೇ ಹೊರತು ಉಪಕಸುಬಲ್ಲ. ಅಲ್ಲದೆ ನಮ್ಮ ಸಮುದ್ರದ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಅವು ಇರುವಲ್ಲೇ ಇರಲಿ.

ಹೊರಹಾಕಿದ ನೀರು

ಸಿಹಿನೀರಿನ ತೊಟ್ಟಿಯಿಂದ ತೆಗೆದ ನೀರಿನಲ್ಲಿ ನೈಟ್ರೇಟ್ ಮತ್ತು ರಂಜಕ ಇರುವುದರಿಂದ ಅದನ್ನು ತೆಂಗು, ಬಾಳೆ, ಕೈತೋಟಗಳಿಗೆ ಹಾಯಿಸಬಹುದು. ಉಪ್ಪು ಅಥವಾ ಔಷಧಿ ಬೆರೆಸಿದ್ದ ನೀರನ್ನು ಬೇರೆಯಾಗಿಯೇ ಚೆಲ್ಲಬೇಕು. ಬೇಡವಾದ ಮೀನುಗಳನ್ನು, ವಿಶೇಷವಾಗಿ ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನನ್ನು, ಕೆರೆಗೆ ಬಿಡಬಾರದು. ಹೊರದೇಶದ ಈ ಮೀನು ಭಾರತದ ಹಲವೆಡೆ ಜಲಾಶಯಗಳನ್ನು ಸೇರಿ, ಬೆಸ್ತರ ಬಲೆಗಳನ್ನು ಹರಿಯುತ್ತ ಸ್ಥಳೀಯ ಮೀನುಗಳಿಗೆ ಪೈಪೋಟಿಯಾಗಿ ನಿಂತಿದೆ.