ಮಲಪ್ರಭಾ ಸೀಮೆಯ ನೆಡುತೋಪುಗಳಲ್ಲಿ ಕುರಿ ಮೇಯಿಸುವಿಕೆ ಮತ್ತು ಕಳೆ ನಿಯಂತ್ರಣ

ಬೆಳಗಾವಿ ಜಿಲ್ಲೆಯ ಕಿತ್ತೂರು ಭಾಗದ ಸಾಗವಾನಿ ಕಾಡಿನಿಂದ ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯನ್ನು ದಾಟಿ ರಾಮದುರ್ಗದ ಮರಳುಗಲ್ಲಿನ ಗುಡ್ಡಗಳವರೆಗಿನ ಪ್ರದೇಶವು ದೆಖ್ಖನಿ ಕುರಿಗಳ ನೆಲೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದ ಕುರುಬರಿಗೆ ರೈತನು ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಮಳೆಗಾಲದಲ್ಲಿ ಹೊಲಗಳಿಗೆ ಪ್ರವೇಶವಿಲ್ಲ. ಆಗ ಗಾಯರಾಣ ಮತ್ತು ಗುಡ್ಡಗಳೇ ಆಸರೆ.

1980ರ ದಶಕದಲ್ಲಿ ರಾಜ್ಯದ ಇಂತಹ ಸಾಮೂಹಿಕ ಭೂಮಿಗಳಲ್ಲಿ ನೀಲಗಿರಿ ತೋಪುಗಳು ವ್ಯಾಪಕವಾಗಿ ತಲೆಯೆತ್ತಿದವು. ನೀಲಗಿರಿಯ ಎಲೆಯನ್ನು ದನಕುರಿಗಳು ಮುಟ್ಟುವುದಿಲ್ಲವೆಂಬುದೇ ಅದರ ಆಯ್ಕೆಗೆ ಒಂದು ಕಾರಣವಾಗಿತ್ತು. ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರಿನಲ್ಲಿ ನಡೆದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವು ಈ ಭೂಮಿಗಳು ಯಾರಿಗೆ ಸೇರಿದವೆಂಬ ಪ್ರಶ್ನೆಯನ್ನೇ ಎತ್ತಿತು.

ತೋಪಿಗೆ ಕುರಿ ಹಿತವೋ ಅಹಿತವೋ ಎಂಬುದು ಗಿಡದ ವಯಸ್ಸು, ಋತು ಮತ್ತು ಕಳೆಯ ಜಾತಿಯನ್ನು ಅವಲಂಬಿಸಿದೆ. ಕುರಿ ಮುಖ್ಯವಾಗಿ ನೆಲದ ಹುಲ್ಲನ್ನು ಮೇಯುತ್ತದೆ. ಆಡು ಚಿಗುರನ್ನು ಕಡಿಯುತ್ತದೆ. ಸಸಿಯ ತುದಿ ಮಂದೆಯ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ ಹುಲ್ಲು ತಗ್ಗಿದರೆ ನೀರಿಗಾಗಿ ಪೈಪೋಟಿ ಕುಗ್ಗುತ್ತದೆ, ಬೇಸಿಗೆಯ ಬೆಂಕಿಗೆ ಉರುವಲು ಉಳಿಯುವುದಿಲ್ಲ. ನ್ಯೂಜಿಲೆಂಡಿನ ಪೈನ್ ತೋಪುಗಳಲ್ಲಿ ಕುರಿ ಮೇಯಿಸಿದ್ದು ಇದೇ ತತ್ತ್ವದ ಮೇಲೆ. ಆದರೆ ತೊಯ್ದ ಎರೆಮಣ್ಣು ತುಳಿತಕ್ಕೆ ಗಟ್ಟಿಯಾಗುತ್ತದೆ. ಹುಲ್ಲು ತೆನೆಗಟ್ಟಿದರೆ ಅದರ ಮುಳ್ಳು ಉಣ್ಣೆಯನ್ನು ಹೊಕ್ಕು ಚರ್ಮವನ್ನು ಚುಚ್ಚುತ್ತದೆ. ಇವೆರಡರ ನಡುವಿನ ಅವಧಿ ಅಲ್ಪ, ಅದನ್ನು ಗುರುತಿಸಬಲ್ಲವನು ಕುರಿಗಾರನೇ.

ಇಂದಿನ ತೋಪುಗಳ ಮುಖ್ಯ ಕಳೆ ಹುಲ್ಲಲ್ಲ ಎಂಬುದು ನಿಜವಾದ ತೊಡಕು. ಲಂಟಾನ ತಿಂದ ಕುರಿಗೆ ಯಕೃತ್ತು ಕೆಟ್ಟು, ಬಿಸಿಲು ತಾಗಿದ ಚರ್ಮ ಹುಣ್ಣಾಗುತ್ತದೆ. ಪಾರ್ಥೇನಿಯಂ ಅನ್ನು, ಅಂದರೆ ಕಾಂಗ್ರೆಸ್ ಕಸವನ್ನು, ಅದು ಸಾಮಾನ್ಯವಾಗಿ ಬಿಟ್ಟೇ ಹೋಗುತ್ತದೆ. ಹುಲ್ಲನ್ನು ಅತಿಯಾಗಿ ಮೇಯಿಸಿದಷ್ಟೂ ಇವುಗಳಿಗೇ ಜಾಗ ತೆರವಾಗುತ್ತದೆ. ಬಳ್ಳಾರಿ ಜಾಲಿಯ ಕಾಯಿ ತಿಂದ ಮಂದೆ ಹಿಕ್ಕೆಯ ಮೂಲಕ ಅದರ ಬೀಜವನ್ನು ಹೊಸ ನೆಲಕ್ಕೂ ಒಯ್ಯುತ್ತದೆ. ಹೀಗಾಗಿ ಲಂಟಾನವನ್ನು ಕೈಯಿಂದ ಬೇರುಸಹಿತ ಕಿತ್ತ ಬಳಿಕ ಮರಳಿ ಬರುವ ಹುಲ್ಲನ್ನು ಮೇಯಿಸುವುದು ಸಾಧ್ಯವೇ ಹೊರತು, ಕುರಿಯೇ ಲಂಟಾನವನ್ನು ನಿವಾರಿಸಲಾರದು.

1988ರ ರಾಷ್ಟ್ರೀಯ ಅರಣ್ಯ ನೀತಿಯು ಎಳೆಯ ನೆಡುತೋಪುಗಳಿಗೆ ಪೂರ್ಣ ರಕ್ಷಣೆ ಇರಬೇಕೆಂದಿತು, ಇದು ಸಮಂಜಸವೇ. ಆದರೆ ಬೆಳೆದ ತೋಪಿನಲ್ಲೂ ಕುರುಬನನ್ನು ಅತಿಕ್ರಮಿಯೆಂದೇ ಕಾಣುವ ರೂಢಿಗೆ ಅಂತಹ ಸಮರ್ಥನೆಯಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಅಲೆಮಾರಿ ಪಶುಪಾಲಕರ ಮೇವಿನ ಹಕ್ಕನ್ನು ಹೆಸರಿಸಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ಅರಣ್ಯವಾಸ ಮತ್ತು ಅವಲಂಬನೆಯನ್ನು ಅದರಂತೆ ರುಜುವಾತುಪಡಿಸಬೇಕು. ವರ್ಷದ ಬಹುಕಾಲ ಹಟ್ಟಿಯೊಡನೆ ಹೊಲದಿಂದ ಹೊಲಕ್ಕೆ ಸಾಗುವ ಕುಟುಂಬಕ್ಕೆ ಅಂತಹ ದಾಖಲೆ ಒದಗುವುದು ಸುಲಭವಲ್ಲ.